‘50 ಕೆಜಿ ತಡೆಯುವ’ ರಾಡ್ ಹೋಲ್ಡರ್ ಯಾವ ದೋಣಿಗಾದರೂ ಆಗುತ್ತದೆಯೇ?

‘ತೂತು ಕೊರೆಯೋದು ಬೇಡ, ಯಾವ ದೋಣಿಗಾದರೂ ಅಂಟಿಸಿ, 50 ಕೆಜಿ ತಡೆಯುತ್ತೆ.’ ಗಾಳದ ರಾಡ್ ನಿಲ್ಲಿಸುವ ಹೋಲ್ಡರ್ ಮಾರುವ ವಿಡಿಯೊಗಳಲ್ಲಿ ಇಂಥದ್ದೊಂದು ಮಾತು ಇದ್ದೇ ಇರುತ್ತದೆ. ಮೈಸೂರಿನಿಂದ ಕೆಆರ್‌ಎಸ್ ಹಿನ್ನೀರಿಗೋ ಕಬಿನಿ ಕಡೆಗೋ ಮೀನು ಹಿಡಿಯಲು ಹೋಗುವವರು ಅದನ್ನು ಫಾರ್ವರ್ಡ್ ಮಾಡುವ ಮುಂಚೆ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲನೆಯದಾಗಿ, 50 ಕೆಜಿ ಅಂದರೆ 50 ಕೆಜಿಯ ಮೀನು ಎಂದು ಅರ್ಥವಲ್ಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕೆಜಿ ಇತ್ತು. (ಆ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ, ಅದರ ಆಸೆ ಬಿಡಿ.) ಅಷ್ಟು ದೊಡ್ಡ ಮೀನಾದರೂ ನೀರಿನೊಳಗೆ ಇರುವಾಗ ಅದರ ತೂಕ ದಾರದ ಮೇಲೆ ಬೀಳುವುದಿಲ್ಲ. ಬೀಳುವುದು ಅದರ ಎಳೆತ. ಎಳೆತ ಎಷ್ಟಿರಬೇಕು ಎಂಬುದನ್ನು ನಿಮ್ಮ ರೀಲಿನ ಡ್ರ್ಯಾಗ್ ತೀರ್ಮಾನಿಸುತ್ತದೆ. 10 ಕೆಜಿಗೆ ತುಂಡಾಗುವ ದಾರವಿದ್ದರೆ ಡ್ರ್ಯಾಗನ್ನು 3 ಕೆಜಿ ಆಸುಪಾಸಿಗೆ ಇಡುವುದು ವಾಡಿಕೆ. ಅದಕ್ಕಿಂತ ಜೋರಾಗಿ ಎಳೆದರೆ ರೀಲಿನಿಂದ ದಾರ ಬಿಟ್ಟುಕೊಳ್ಳುತ್ತದೆ.

ಹಾಗಾದರೆ ಬರೀ 3 ಕೆಜಿ ತಾನೇ, 50 ಕೆಜಿಯ ಹೋಲ್ಡರ್ ಧಾರಾಳವಾಯಿತಲ್ಲ? ಇಲ್ಲೇ ಎಡವುವುದು. ರಾಡ್ ಒಂದು ಸನ್ನೆಕೋಲು. ಅದು ಎಷ್ಟೇ ಬಾಗಿದರೂ ಎಳೆತದ ಜಾಗ ಹೋಲ್ಡರಿನಿಂದ ಒಂದು ಮೀಟರಿಗೂ ಹೆಚ್ಚು ದೂರ, 120 ಸೆಂ.ಮೀ. ಎಂದಿಟ್ಟುಕೊಳ್ಳಿ. ಹೋಲ್ಡರಿನ ಕೊಳವೆ 20 ಸೆಂ.ಮೀ. ಆಳವಿದ್ದರೆ ಅದರ ಬಾಯಿಯ ಅಂಚಿನ ಮೇಲೆ ಬೀಳುವ ಒತ್ತಡ 20 ಕೆಜಿ ದಾಟುತ್ತದೆ. ಕೊಳವೆ ಗಿಡ್ಡವಾದಷ್ಟೂ ಒತ್ತಡ ಹೆಚ್ಚು. ಕೊಳ್ಳುವಾಗ ಉದ್ದ ಕೊಳವೆಯದನ್ನೇ ಆರಿಸಿ.

ಅಂಟಿಸುವ ರಬ್ಬರ್ ಬಟ್ಟಲಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 10 ಸೆಂ.ಮೀ. ಅಗಲದ ಬಟ್ಟಲನ್ನು ಗಾಳಿಯ ಒತ್ತಡವೇ ಹಿಡಿದಿಡುತ್ತದೆ. ಒಳಗೆ ಒಂದಿಷ್ಟೂ ಗಾಳಿ ಉಳಿಯದಿದ್ದರೆ ಮೈಸೂರಿನ ಎತ್ತರದಲ್ಲಿ ಆ ಹಿಡಿತ 70 ಕೆಜಿಯಷ್ಟಾಗಬಹುದು. ಜಾಹೀರಾತಿನ ಸಂಖ್ಯೆ ಬರುವುದು ಹೀಗೆ ನೇರವಾಗಿ ಮೇಲಕ್ಕೆ ಎಳೆದಾಗ. ಆದರೆ ರಾಡ್ ಅದನ್ನು ಒಂದು ಅಂಚಿನಿಂದ ಮೀಟಿ ಏಳಿಸುತ್ತದೆ. ಮೇಲಿನ 3 ಕೆಜಿ ಎಳೆತ 120 ಸೆಂ.ಮೀ. ದೂರದಿಂದ ಬಂದರೆ ಮೀಟುವ ಬಲ 360. ಬಟ್ಟಲಿನ 70 ಕೆಜಿ ಹಿಡಿತಕ್ಕೆ ಕೇಂದ್ರದಿಂದ ಅಂಚಿಗೆ ಇರುವ 5 ಸೆಂ.ಮೀ. ಮಾತ್ರ ನೆರವು, ಅಂದರೆ 350. ಎಲ್ಲವೂ ಸರಿಯಿದ್ದಾಗಲೇ ಬಟ್ಟಲು ಸೋಲುವ ಅಂಚಿನಲ್ಲಿರುತ್ತದೆ! ಒದ್ದೆಯಾದ, ಗೀರುಬಿದ್ದ ಫೈಬರ್ ಮೇಲೆ ಗಾಳಿ ನುಸುಳುವುದು ಬೇರೆ. ಫೋನ್ ನಿಲ್ಲಿಸಲು ಅದು ಸಾಕು, ರಾಡಿಗೆ ಸಾಲದು.

ಫೈಬರ್ ದೋಣಿಯಾದರೆ ನನ್ನ ಮತ ಬೋಲ್ಟಿಗೆ. ಸ್ಕ್ರೂ ಅಲ್ಲ, ಆರಪಾರ ಹೋಗುವ ಸ್ಟೇನ್‌ಲೆಸ್ ಬೋಲ್ಟ್. ಕೆಳಗಡೆ ಬರೀ ವಾಷರ್ ಹಾಕಿದರೆ ತೂತಿನ ಸುತ್ತ ಫೈಬರ್ ಬಿರುಕು ಬಿಡುತ್ತದೆ, ಅಂಗೈ ಅಗಲದ ಲೋಹದ ಪಟ್ಟಿ ಕೊಟ್ಟರೆ ಒತ್ತಡ ಹಂಚಿಹೋಗುತ್ತದೆ. ತೂತಿನ ಒಳಗೂ ಸುತ್ತಲೂ ನೀರು ತಡೆಯುವ ಸೀಲೆಂಟ್ ತುಂಬಿ. ಇಲ್ಲದಿದ್ದರೆ ಒಳಪದರದ ಮರವೋ ಫೋಮೋ ನೀರು ಕುಡಿದು ಹಾಳಾಗುತ್ತದೆ. ಕೊರೆಯುವ ಮುಂಚೆ ಅಡಿಯಲ್ಲಿ ಗಾಳಿ ತುಂಬಿದ ಪೆಟ್ಟಿಗೆಯೋ ವೈರೋ ಇಲ್ಲವೆಂದು ನೋಡಿಕೊಳ್ಳಿ. ಕಂಬಿಗೆ ಬಿಗಿಯುವ ಕ್ಲ್ಯಾಂಪ್ ಬಾಡಿಗೆ ದೋಣಿಗೆ ಒಪ್ಪುತ್ತದೆ, ಆದರೆ ಎಳೆತ ಬಿದ್ದಾಗ ಕಂಬಿಯ ಸುತ್ತ ತಿರುಗಿಬಿಡುತ್ತದೆ. ನಡುವೆ ರಬ್ಬರ್ ಪಟ್ಟಿ ಸುತ್ತಿ. ಗಾಳಿ ತುಂಬಿಸುವ ದೋಣಿಗೆ ಕಾರ್ಖಾನೆಯಲ್ಲೇ ಅಂಟಿಸಿ ಬಂದ ಪಟ್ಟಿಯೇ ಒಳ್ಳೆಯದು.

ತೆಪ್ಪಕ್ಕೆ ಮಾತ್ರ ಏನನ್ನೂ ಬಿಗಿಯಬೇಡಿ. ಬಿದಿರಿನ ಸೀಳು ಹೆಣೆದ ಅಂಚನ್ನು ಕ್ಲ್ಯಾಂಪ್ ಹಿಸುಕಿ ಸೀಳುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ತೆಪ್ಪದ ಆಕಾರ. ದುಂಡಗೆ, ಹಗುರಾಗಿ, ಅಡಿ ಚಪ್ಪಟೆಯಾಗಿರುವ ಅದನ್ನು ಅಂಚಿನಲ್ಲಿ ಎಳೆದರೆ ಮೊದಲು ಗಿರಕಿ ಹೊಡೆಯುತ್ತದೆ, ಆಮೇಲೆ ಆ ಬದಿ ತಗ್ಗುತ್ತದೆ. ಕಬಿನಿ ಹಿನ್ನೀರಿನಲ್ಲಿ ಮುಳುಗಿ ನಿಂತ ಮರಗಳಿವೆ. ಅಂಥ ಬೊಡ್ಡೆಗೆ ಗಾಳ ಸಿಕ್ಕಿಕೊಂಡು, ಡ್ರ್ಯಾಗ್ ಪೂರ್ತಿ ಬಿಗಿಯಾಗಿದ್ದು, ಗಾಳಿಯೋ ಸೆಳವೋ ತೆಪ್ಪವನ್ನು ದೂಡುತ್ತಿದ್ದರೆ ದಾರ ತುಂಡಾಗುವವರೆಗೂ ಎಳೆತವೆಲ್ಲ ಆ ಒಂದೇ ಅಂಚಿನ ಮೇಲೆ. ಏನಾಯಿತೆಂದು ನೋಡಲು ಇಬ್ಬರೂ ಅದೇ ಬದಿಗೆ ಬಾಗಿದರಂತೂ ನೀರು ಒಳಗೇ! ಕೈಯಲ್ಲಿ ರಾಡ್ ಇದ್ದರೆ ತಕ್ಷಣ ದಾರ ಸಡಿಲಿಸಬಹುದು, ಬೇರೆ ದಾರಿಯಿಲ್ಲದಿದ್ದರೆ ರಾಡನ್ನೇ ಬಿಡಬಹುದು. ಒಬ್ಬರು ಹುಟ್ಟು ಹಾಕಲಿ, ಒಬ್ಬರು ರಾಡ್ ಹಿಡಿಯಲಿ, ಇಬ್ಬರೂ ಲೈಫ್ ಜಾಕೆಟ್ ತೊಡಲಿ. ರಾಡ್ ಕಳೆದುಹೋದೀತೆಂದು ಅದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸಲಹೆಯೂ ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಬೇಡ.

ಫೈಬರ್ ದೋಣಿಗೆ ಹೋಲ್ಡರ್ ಹಾಕಿದ ಮೇಲೆ ದಡದಲ್ಲೇ ಒಮ್ಮೆ ಪರೀಕ್ಷಿಸಿ. ರಾಡ್ ಸಿಕ್ಕಿಸಿ, ದಾರದ ತುದಿಗೆ ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಕಟ್ಟಿ ಎಳೆಯಿರಿ. ತಕ್ಕಡಿ 3 ಕೆಜಿ ತೋರಿಸುವಷ್ಟರಲ್ಲಿ ರೀಲು ದಾರ ಬಿಡಬೇಕು, ಹೋಲ್ಡರ್ ಕದಲಬಾರದು. ಹಿಂದಕ್ಕೆ, ಪಕ್ಕಕ್ಕೆ, ಎರಡೂ ದಿಕ್ಕಿಗೆ ಎಳೆದು ನೋಡಿ, ಆಮೇಲೆ ಬೋಲ್ಟಿನ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಿ.