ನಾಯಿಯ ಆಕ್ರಮಣಶೀಲತೆಯ ಹಿಂದಿರುವ ಭಯ

ಸಾಕುನಾಯಿ ಮನೆಯವರ ಮೇಲೆಯೇ ಎರಗಿದಾಗ ಅದು ಯಜಮಾನಿಕೆಗೆ ಹವಣಿಸುತ್ತಿದೆಯೆಂದು ಭಾವಿಸಿ, ಹೊಡೆದು ಹದ್ದುಬಸ್ತಿಗೆ ತರಲು ಮುಂದಾಗುವವರು ಇಂದಿಗೂ ಕಡಿಮೆಯಿಲ್ಲ. ಈ ನಂಬಿಕೆಗೆ ಇಂಬು ಕೊಟ್ಟದ್ದು ತೋಳಗಳ ಅಧ್ಯಯನ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ಸೆರೆತೋಳಗಳನ್ನು ಗಮನಿಸಿದ ರುಡಾಲ್ಫ್ ಶೆಂಕೆಲ್, ಅವುಗಳ ನಡುವಿನ ಮೇಲುಗೈಯ ಪೈಪೋಟಿಯನ್ನು 1947ರಲ್ಲಿ ವಿವರಿಸಿದರು. ಹಿಂಡಿನ ನಾಯಕ ಪ್ರಾಣಿಯನ್ನು ಸೂಚಿಸುವ 'ಆಲ್ಫಾ' ಎಂಬ ಪದ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅವರ 1970ರ ಗ್ರಂಥದಿಂದ ಇನ್ನಷ್ಟು ಪ್ರಚಾರ ಪಡೆಯಿತು. ಆದರೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳನ್ನು ಹಲವು ಬೇಸಿಗೆಗಳ ಕಾಲ ಹತ್ತಿರದಿಂದ ನೋಡಿದ ಮೆಕ್ ಅವರೇ, ಸಹಜ ಹಿಂಡೆಂಬುದು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಸಂಸಾರವೆಂದು 1999ರಲ್ಲಿ ತಿದ್ದಿ ಬರೆದರು. ವಿಜ್ಞಾನ ತನ್ನನ್ನು ತಿದ್ದಿಕೊಂಡರೂ ಬೆತ್ತ ಹಿಡಿದವರು ತಿದ್ದಿಕೊಂಡಿಲ್ಲ.

ನಾಯಿ ಕಚ್ಚುವುದಕ್ಕೆ ಬಹುಪಾಲು ಪ್ರಸಂಗಗಳಲ್ಲಿ ಕಾರಣ ಭಯ, ನೋವು, ಇಲ್ಲವೇ ಅನ್ನ, ಮರಿ, ಮಲಗುವ ಜಾಗಗಳನ್ನು ಕಳೆದುಕೊಳ್ಳುವ ಆತಂಕ. ಅದು ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಮೈ ಬಿಗಿಹಿಡಿದು ನಿಲ್ಲುತ್ತದೆ. ಇವು ಯಾರ ಕಣ್ಣಿಗೂ ಬೀಳದಿದ್ದಾಗ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಅದನ್ನು ನಿಲ್ಲಿಸಬಹುದಾದರೂ ಒಳಗಿನ ಭಯ ಹಾಗೆಯೇ ಉಳಿಯುವುದರಿಂದ, ಮುಂದೆ ಸುಳಿವೇ ಕೊಡದೆ ಕಚ್ಚುವ ಅಪಾಯವಿರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಯನ್ನು ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ. 43ರಷ್ಟು ಮಂದಿ ಅದು ತಿರುಗಿಬಿತ್ತೆಂದೇ ಹೇಳಿದ್ದರು.

ಆದ್ದರಿಂದ ಮೊದಲು ಆಗಬೇಕಾದದ್ದು ಪಶುವೈದ್ಯರ ತಪಾಸಣೆ. ಕೀಲುನೋವು, ಕಿವಿಯ ಸೋಂಕು ಅಥವಾ ಹಲ್ಲಿನ ಬಾಧೆಯಿಂದ ಸಿಡುಕುವ ನಾಯಿಗೆ ತರಬೇತಿಗಿಂತ ಮೊದಲು ಚಿಕಿತ್ಸೆ ಬೇಕು. ಬಳಿಕ ಬರುವುದು ಪ್ರತಿ-ಅನುಬಂಧನ, ಅಂದರೆ ಭಯ ಹುಟ್ಟಿಸುವ ವಸ್ತುವಿನೊಂದಿಗೆ ಇಷ್ಟವಾದುದನ್ನು ಜೋಡಿಸಿ ಮನಸ್ಸಿನ ಪ್ರತಿಕ್ರಿಯೆಯನ್ನೇ ಬದಲಿಸುವ ವಿಧಾನ. ಅಪರಿಚಿತರಿಗೆ ಹೆದರುವ ನಾಯಿಯನ್ನು, ಅದು ನೋಡಿಯೂ ಕೆರಳದಷ್ಟು ದೂರದಲ್ಲಿ ನಿಲ್ಲಿಸಿ, ಅಪರಿಚಿತರು ಕಂಡೊಡನೆ ಮಾಂಸದ ತುಣುಕನ್ನು ಕೊಡುತ್ತ, ದಿನಗಳೋ ವಾರಗಳೋ ಕಳೆದಂತೆ ಆ ದೂರವನ್ನು ಕಿರಿದುಗೊಳಿಸಲಾಗುತ್ತದೆ. ಆತುರಪಟ್ಟು ಒಮ್ಮೆಲೇ ಹತ್ತಿರ ಒಯ್ದರೆ ಗಳಿಸಿದ್ದೆಲ್ಲ ಕೈಜಾರುತ್ತದೆ. ಈ ಅವಧಿಯಲ್ಲಿ ಇತರರ ಸುರಕ್ಷತೆಗಾಗಿ, ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯನ್ನು ಹೋಲುವ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನು ಮೆಲ್ಲಗೆ ರೂಢಿಮಾಡಿಸಬೇಕು. ಬಾಯಿಯನ್ನು ಬಿಗಿದುಬಿಡುವ ಪಟ್ಟಿಗಿಂತ ಇದು ಲೇಸು, ಏಕೆಂದರೆ ಇದನ್ನು ಧರಿಸಿದ ನಾಯಿ ನಾಲಿಗೆ ಚಾಚಿ ಏದಬಹುದು, ನೀರು ಕುಡಿಯಬಹುದು, ತುಣುಕನ್ನೂ ತಿನ್ನಬಹುದು.