ಪಿಸ್ಕೊ ಸವರ್ ಮತ್ತು ಅಜ್ಜಿಯ ಮೂಗು

ಹೋದ ಬೇಸಿಗೆಯ ಒಂದು ಶನಿವಾರ. ಪಾಂಡವಪುರದ ಹತ್ತಿರ ನಮ್ಮೂರಿನ ಮನೆ, ಸಂಜೆ ಏಳು ಗಂಟೆ. ಹಿತ್ತಲ ಕಟ್ಟೆ ಮೇಲೆ ಕೂತು ನಾನು ಸ್ಟೀಲ್ ಶೇಕರ್ ಕುಲುಕ್ತಾ ಇದ್ದೆ. ಎದುರಿಗೆ ನಾಗಮಂಗಲದಿಂದ ಬಂದಿದ್ದ ಭಾವ. ತಮ್ಮ ತೋಟದ ನಿಂಬೆಹಣ್ಣು ಒಂದು ಚೀಲ ತಂದಿದ್ದರು. ‘ಬೆಂಗಳೂರಲ್ಲಿ ಅದೇನೋ ಕಾಕ್‌ಟೇಲ್ ಮಾಡ್ತೀಯಂತೆ, ಇಲ್ಲೂ ಮಾಡು ನೋಡೋಣ’ ಅಂದಿದ್ದೇ ಅವರು.

ಮೊದಲ ಲೋಟ ಮುಗೀತು. ಎರಡನೆಯದೂ ಮುಗೀತು. ‘ಏನಪ್ಪಾ, ಇದು ಏರೋದೇ ಇಲ್ವಲ್ಲ, ಜ್ಯೂಸ್ ಥರ ಇದೆ’ ಅಂದರು ಭಾವ. ಅಷ್ಟರಲ್ಲಿ ಅಜ್ಜಿ ಬಂದಳು.

‘ಏನ್ಲಾ ಮಗ ಅದು, ನೊರೆ ನೊರೆಯಾಗದೆ?’

‘ಏನಿಲ್ಲ ಅಜ್ಜಿ, ನಿಂಬೆಹಣ್ಣಿನ ಶರಬತ್ತು.’

ಅಜ್ಜಿ ನನ್ನ ಲೋಟ ಇಸ್ಕೊಂಡಳು. ಕುಡಿಯಲಿಲ್ಲ. ಮೂಗಿನ ಹತ್ತಿರ ಹಿಡಿದು, ಮೆಲ್ಲಗೆ ಕಟ್ಟೆ ಮೇಲಿಟ್ಟಳು. ‘ನಿಮ್ ತಾತನೂವೆ ಇಂಗೇ ಯೋಳ್ತಿದ್ರು ಕಣಪ್ಪ’ ಅಂತ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಎಂಟೂವರೆಗೆ ಭಾವ ಹೊರಟು ನಿಂತರೆ ಬೈಕಿನ ಕೀ ಇಲ್ಲ. ಮನೆಯೆಲ್ಲ ಹುಡುಕಿದೆವು. ಕೊನೆಗೆ ನೋಡಿದರೆ ಅದು ಅಜ್ಜಿಯ ಎಲೆಅಡಿಕೆ ಚೀಲದಲ್ಲಿ! ‘ಬೆಳಿಗ್ಗೆ ಕೊಡ್ತೀನಿ ಅಳಿಯಂದ್ರೆ. ಈಗ ಮುದ್ದೆ ಉಂಡು ಮಲಗಿ’ ಅಂದಳು. ಅಳಿಯನ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ತಾತನ ನಿಂಬೆಹಣ್ಣು ಸೋಡಾ

ತಾತ ಕೆ.ಆರ್. ಪೇಟೆ ಕಡೆಯ ಆಲೆಮನೆಗಳಲ್ಲಿ ಬೆಲ್ಲದ ಪಾಕ ನೋಡುವ ಕೆಲಸ ಮಾಡುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆ ನೊರೆ ತೆಗೆಯೋದು, ಪಾಕ ಯಾವಾಗ ಬಂತು ಅಂತ ಒಂದು ಹನಿ ನೀರಿಗೆ ಬಿಟ್ಟು ಹೇಳೋದು. ಕೂಲಿ ಕೈಗೆ ಬಂದ ದಿನ ಪ್ಯಾಕೆಟ್ ಸಾರಾಯಿ. ಅದಕ್ಕೆ ನಿಂಬೆಹಣ್ಣು ಹಿಂಡಿ, ಸೋಡಾ ಸುರಿದು, ಅಜ್ಜಿ ಕೇಳಿದರೆ ‘ಬರೀ ಸೋಡಾ ಕಣೆ’ ಅನ್ನೋರಂತೆ. ನಾನು ಮೂರನೇ ಕ್ಲಾಸಲ್ಲಿದ್ದಾಗ ಲಿವರ್ ಕೆಟ್ಟು ಹೋದರು. ಅದಾಗಿ ನಾಲ್ಕು ವರ್ಷಕ್ಕೆ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ‘ವಸಿ ಮುಂಚೆ ಮಾಡಿದ್ರೆ ಏನಾಗ್ತಿತ್ತು’ ಅಂತ ಅಜ್ಜಿ ಈಗಲೂ ಅಂತಾಳೆ.

ಅದೇ 2007ರಲ್ಲಿ ಪೆರು ದೇಶ ಪಿಸ್ಕೊ ಸವರನ್ನು ತನ್ನ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿತು. ಅಲ್ಲಿ ಫೆಬ್ರವರಿಯ ಮೊದಲ ಶನಿವಾರ ಅದರ ಹೆಸರಲ್ಲಿ ಹಬ್ಬವೇ ನಡೆಯುತ್ತೆ. ಒಂದು ದೇಶದ ಹೆಮ್ಮೆ, ಒಂದು ಮನೆಯ ಸಂಕಟ. ಲೋಟದೊಳಗಿನ ಲೆಕ್ಕ ಮಾತ್ರ ಹೆಚ್ಚುಕಮ್ಮಿ ಒಂದೇ: ಮದ್ಯ, ನಿಂಬೆ, ಸಿಹಿ.

ಇದು ಮಾಡೋದು ಹೇಗೆ?

ಸವರ್ ಅಂದ್ರೆ ಹುಳಿ. ಪಿಸ್ಕೊ ಅಂದ್ರೆ ದ್ರಾಕ್ಷಿ ರಸ ಹುದುಗಿಸಿ ಬಟ್ಟಿ ಇಳಿಸಿದ ಮದ್ಯ. ಪೆರುವಿನ ಪಿಸ್ಕೊ ಅನ್ನೋ ಬಂದರು ಊರಿನ ಹೆಸರೇ ಅದಕ್ಕೂ ಇದೆ. ಚಿಲಿ ದೇಶವೂ ಪಿಸ್ಕೊ ನಮ್ಮದು ಅನ್ನುತ್ತೆ, ಆ ಜಗಳ ಇನ್ನೂ ಮುಗಿದಿಲ್ಲ. ಈ ಕಾಕ್‌ಟೇಲ್ ಹೆಸರು ಮಾಡಿದ್ದು ಲಿಮಾ ನಗರದಲ್ಲಿ. ಅಮೆರಿಕದಿಂದ ಬಂದ ವಿಕ್ಟರ್ ಮಾರಿಸ್ ಅನ್ನುವವರು 1916ರಲ್ಲಿ ಅಲ್ಲಿ ತೆರೆದ ಬಾರ್ ಇದಕ್ಕೆ ಪ್ರಸಿದ್ಧ.

ಒಂದು ಲೋಟಕ್ಕೆ ಬೇಕಾಗುವುದು:

ಪಿಸ್ಕೊ – 60 ಎಂಎಲ್
ತಾಜಾ ನಿಂಬೆರಸ – 30 ಎಂಎಲ್ (ಎರಡು ಹಣ್ಣು ಸಾಕು)
ಸಕ್ಕರೆ ಪಾಕ – 20 ಎಂಎಲ್ (ಸಮ ಸಕ್ಕರೆ, ಸಮ ನೀರು, ಕರಗಿದರೆ ಸಾಕು, ಎಳೆ ಪಾಕ ಬೇಡ)
ಒಂದು ಮೊಟ್ಟೆಯ ಬಿಳಿ ಭಾಗ
ಐಸ್, ಮೇಲೆ ಎರಡು ಮೂರು ಹನಿ ಅಂಗೊಸ್ಟುರಾ ಬಿಟರ್ಸ್

ಮೊದಲು ಐಸ್ ಇಲ್ಲದೆ ಎಲ್ಲವನ್ನೂ ಶೇಕರ್‌ಗೆ ಹಾಕಿ ಹದಿನೈದು ಸೆಕೆಂಡ್ ಜೋರಾಗಿ ಕುಲುಕಿ. ಆಮೇಲೆ ಐಸ್ ಹಾಕಿ ಇನ್ನೊಂದು ಹದಿನೈದು ಸೆಕೆಂಡ್. ಸೋಸಿ ಲೋಟಕ್ಕೆ ಬಿಡಿ. ನೊರೆ ಮೇಲೆ ಬಂದು ನಿಂತ ಮೇಲೆ ಬಿಟರ್ಸ್ ಹನಿ ಹಾಕಿ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೂ ನಡೆಯುತ್ತೆ. ಬಿಟರ್ಸ್ ಇಲ್ಲದಿದ್ದರೆ ಒಂದು ಚಿಟಿಕೆ ಚಕ್ಕೆ ಪುಡಿ.

ಐಸ್ ಇಲ್ಲದೆ ಮೊದಲು ಯಾಕೆ? ಕುಲುಕಿದಾಗ ಮೊಟ್ಟೆಯ ಪ್ರೋಟೀನ್ ಬಿಚ್ಚಿಕೊಂಡು ಗಾಳಿಯನ್ನು ಹಿಡಿದುಕೊಳ್ಳುತ್ತೆ. ತಣ್ಣಗಿದ್ದರೆ ಆ ಕೆಲಸ ನಿಧಾನ. ನಿಂಬೆಯ ಹುಳಿ ನೊರೆ ಬೇಗ ಇಳಿಯದ ಹಾಗೆ ನೋಡಿಕೊಳ್ಳುತ್ತೆ.

ಪಿಸ್ಕೊ ಹುಡುಕೋದು ಕಷ್ಟ, ಸಿಕ್ಕರೂ ದುಬಾರಿ. ನಾನು ಹಾಕೋದು ಬ್ರಾಂದಿ, ಅದೂ ದ್ರಾಕ್ಷಿಯಿಂದ ಮಾಡಿದ್ದು ಅಂತ ಲೇಬಲ್ ಓದಿ ತಂದದ್ದು. ನಮ್ಮಲ್ಲಿ ಅಗ್ಗದ ಬ್ರಾಂದಿ ಹೆಚ್ಚಿನದು ಕಾಕಂಬಿ ಅಥವಾ ಧಾನ್ಯದ ಮದ್ಯಸಾರಕ್ಕೆ ಬಣ್ಣ, ವಾಸನೆ ಸೇರಿಸಿದ್ದು. ಕಾಕಂಬಿ ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ರಸ. ನಮ್ಮ ಗದ್ದೆಯ ಕಬ್ಬು ಹೀಗೂ ನಮ್ಮ ಲೋಟಕ್ಕೆ ಬರುತ್ತೆ!

ನಿಂಬೆಗೆ ಮಾತ್ರ ಸೂಪರ್ ಮಾರ್ಕೆಟ್ಟಿನ ದಪ್ಪ ಹಳದಿ ಹಣ್ಣು ತರಬೇಡಿ. ಪೆರುವಿನವರು ಹಿಂಡೋದು ಸಣ್ಣ, ತೆಳು ಸಿಪ್ಪೆಯ ಹಣ್ಣು. ನಮ್ಮ ನಿಂಬೆಹಣ್ಣಿನ ಜಾತಿಯೇ ಅದು. ಏಷ್ಯಾದಿಂದ ಹೋಗಿ, ಸ್ಪೇನಿನವರ ಹಡಗು ಹತ್ತಿ ಅಲ್ಲಿಗೆ ಮುಟ್ಟಿದ ಹಣ್ಣು. ಕಬ್ಬೂ ಹಾಗೇ, 1493ರಲ್ಲಿ ಕೊಲಂಬಸ್‌ನ ಎರಡನೇ ಯಾನದಲ್ಲಿ ಅಮೆರಿಕದ ಕಡೆಗೆ ಹೋಯ್ತು.

ಇನ್ನೊಂದು ವಿಷಯ ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಸವರ್ ಅನ್ನೋ ಕಾಕ್‌ಟೇಲ್ ಜಾತಿಗೆ ಮೂಲ ‘ಪಂಚ್’ ಅನ್ನೋ ಪಾನೀಯ. 17ನೇ ಶತಮಾನದಲ್ಲಿ ಇಂಡಿಯಾಕ್ಕೆ ಬಂದ ಇಂಗ್ಲಿಷ್ ನಾವಿಕರು, ಕಂಪನಿಯವರು ಕುಡೀತಿದ್ದದ್ದು. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ, ಹೀಗೆ ಐದು ಸೇರಿ ‘ಪಂಚ’ ಅನ್ನೋದರಿಂದ ಆ ಹೆಸರು ಬಂತು ಅಂತಾರೆ. ಅದಕ್ಕೆ ಹಾಕುತ್ತಿದ್ದ ಮದ್ಯ ಇಲ್ಲಿನ ಸಾರಾಯಿ. ಅಂದ್ರೆ ತಾತ ಆಲೆಮನೆ ಹಿಂದೆ ಕೂತು ಬೆರೆಸುತ್ತಿದ್ದದ್ದು, ನಾನು ಯೂಟ್ಯೂಬ್ ನೋಡಿ ಕಲಿತದ್ದು, ಎರಡೂ ಒಂದೇ ವಂಶದವು.

ಹುಳಿ ಮುಚ್ಚಿಡುವ ಲೆಕ್ಕ

ನಾವು ಐಟಿಯವರು, ಲೆಕ್ಕ ಹಾಕೋಣ. 60 ಎಂಎಲ್ ಅಂದರೆ ಒಂದು ಲಾರ್ಜ್. ನಮ್ಮಲ್ಲಿ ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. ಒಂದು ಲೋಟದಲ್ಲಿ ಸುಮಾರು 25 ಎಂಎಲ್, ಅಂದರೆ 20 ಗ್ರಾಂ ಶುದ್ಧ ಮದ್ಯಸಾರ. ಭಾವ ಕುಡಿದದ್ದು ಎರಡು ಲೋಟ, ಅಂದರೆ ನಾಲ್ಕು ಸ್ಮಾಲ್. ಮೋಟಾರು ವಾಹನ ಕಾಯ್ದೆಯ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಅವರು ಅದನ್ನು ಆರಾಮಾಗಿ ದಾಟಿದ್ದರು. ಆದರೂ ‘ಏರೋದೇ ಇಲ್ಲ’ ಅಂದರು. ಯಾಕಂದರೆ ಹುಳಿ ಮತ್ತು ಸಿಹಿ ಸೇರಿದರೆ ಮದ್ಯದ ಕಾರ ನಾಲಿಗೆಗೆ ಗೊತ್ತಾಗಲ್ಲ. ರಕ್ತಕ್ಕೆ ಗೊತ್ತಾಗುತ್ತೆ. ಸವರ್‌ನ ರುಚಿಯೂ ಅದೇ, ಮೋಸವೂ ಅದೇ.

ಕುಡಿಯದವರು ಇದನ್ನು ಓದಿ ಶುರು ಮಾಡಬೇಕಿಲ್ಲ. ಮದ್ಯದಲ್ಲಿ ‘ಇಷ್ಟು ಸೇಫ್’ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯುವವರಾದರೆ ಎರಡು ಮಾತು. ಕಣ್ಣಳತೆ ಬೇಡ, ಅಳೆದು ಹಾಕಿ. ಲೋಟ ಯಾರ ಕೈಗೆ ಕೊಟ್ಟರೂ ಒಳಗೆ ಏನಿದೆ ಅಂತ ಹೇಳಿ ಕೊಡಿ. ಹಸಿ ಮೊಟ್ಟೆ ಇದೆ ಅನ್ನೋದನ್ನೂ ಹೇಳಿ. ಗರ್ಭಿಣಿಯರಿಗೆ ಮದ್ಯವಂತೂ ಬೇಡವೇ ಬೇಡ, ಅವರಿಗೂ ವಯಸ್ಸಾದವರಿಗೂ ಮಕ್ಕಳಿಗೂ ಹಸಿ ಮೊಟ್ಟೆಯೂ ಬೇಡ.

ಭಾನುವಾರದ ಲೋಟ

ಬೆಳಿಗ್ಗೆ ಭಾವ ಕೀ ಇಸ್ಕೊಂಡು, ಅಜ್ಜಿಯ ಮುಖ ನೋಡದೆ ಹೊರಟರು. ನಾನು ಶ್ರೀರಂಗಪಟ್ಟಣದ ಕಡೆ ಹೋಗಿ, ರಸ್ತೆ ಬದಿಯ ಗಾಣದಲ್ಲಿ ಎರಡು ಬಾಟ್ಲಿ ಕಬ್ಬಿನ ಹಾಲು ತಂದೆ. ಅವತ್ತು ಮನೆಯಲ್ಲಿ ಕಾಬೂಲ್ ಕಡಲೆಯ ಬಸ್ಸಾರು. ಉಪ್ಪು ಹಾಕದೆ ಬೇಯಿಸಿ ಬಸಿದ ಕಟ್ಟಿನಲ್ಲಿ ಎರಡು ಚಮಚ ಎತ್ತಿಟ್ಟುಕೊಂಡೆ. ಆ ಕಟ್ಟು ಮಂದವಾಗಿದ್ದರೆ ಮೊಟ್ಟೆಯ ಹಾಗೇ ನೊರೆ ಕೊಡುತ್ತೆ.

ಅಳತೆ ಹೀಗೆ: ಕಬ್ಬಿನ ಹಾಲು 90 ಎಂಎಲ್, ನಿಂಬೆರಸ 20 ಎಂಎಲ್, ಕಡಲೆ ಕಟ್ಟು ಎರಡು ಚಮಚ, ಚೂರು ಶುಂಠಿ ರಸ. ಪಾಕ ಬೇಡ, ಕಬ್ಬಿನ ಸಿಹಿಯೇ ಸಾಕು. ಮೊದಲು ಹಾಗೇ ಕುಲುಕಿ, ಆಮೇಲೆ ಐಸ್ ಹಾಕಿ ಕುಲುಕಿ. ಮೇಲೆ ಚಕ್ಕೆ ಪುಡಿ. ಕಬ್ಬಿನ ಹಾಲು ಬೇಗ ಕಪ್ಪಾಗಿ ಹುಳಿಯುತ್ತೆ, ತಂದ ತಕ್ಷಣ ಮಾಡಿಬಿಡಿ.

ಲೋಟ ಅಜ್ಜಿಯ ಮುಂದಿಟ್ಟೆ. ‘ಕಬ್ಬಿನ ಹಾಲು, ನಿಂಬೆಹಣ್ಣು, ಶುಂಠಿ, ಕಡಲೆ ಕಟ್ಟು. ಇನ್ನೇನಿಲ್ಲ ಅಜ್ಜಿ. ನಿನ್ನೆ ಸುಳ್ಳು ಹೇಳಿದೆ’ ಅಂದೆ.

ಅಜ್ಜಿ ಮೊದಲು ಮೂಸಿದಳು. ಒಂದು ಗುಟುಕು ಕುಡಿದಳು. ಮತ್ತೆ ಮೂಸಿದಳು.

‘ನಿಮ್ ತಾತ ಈ ನೊರೆಯ ತೆಗೆದು ಆಚೆಗೆ ಚೆಲ್ಲೋರು. ನೀನು ಇದ ಕುಡ್ಸ್ತೀಯಲ್ಲ’ ಅಂತ ನಕ್ಕಳು. ‘ವಸಿ ಉಪ್ಪು ಹಾಕ್ಲಾ ಮಗ.’

ಉಪ್ಪು ಹಾಕಿದೆ. ಅವಳು ಹೇಳಿದ್ದು ಸರಿ, ಒಂದು ಚಿಟಿಕೆ ಬೇಕು.