ಪಠ್ಯ ಸಂಪಾದಕ ಎಚ್ಚರಗೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ಗಣಕ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟ್ ವರದಿಯ ಅರ್ಧ ಭಾಗವನ್ನು ಕಳೆದುಕೊಂಡಳು. ಅಧ್ಯಾಯವೊಂದನ್ನು ತಪ್ಪಾಗಿ ಅಳಿಸಿ, ಕಡತವನ್ನು ಉಳಿಸಿ, ಗಣಕವನ್ನು ಮುಚ್ಚಿ ಮನೆಗೆ ಹೋಗಿದ್ದಳು. ಇಂತಹ ಸಂದರ್ಭಕ್ಕೆಂದೇ ಆಕೆ ಬಳಸುತ್ತಿದ್ದ ಸಂಪಾದಕ ಹಿಂದಿನ ಪ್ರತಿಯೊಂದನ್ನು ಪಕ್ಕದಲ್ಲಿ ತೆಗೆದಿಡಬಲ್ಲದು. ಆ ಸೌಲಭ್ಯ ಬೇಕೆಂದು ಆಕೆ ತನ್ನ ಆರಂಭಿಕ ಕಡತದಲ್ಲಿ ಸರಿಯಾಗಿಯೇ ಬರೆದಿದ್ದಳು. ಸಾಲಿನಲ್ಲಿ ಕಾಗುಣಿತದ ತಪ್ಪಿರಲಿಲ್ಲ, ಆವರಣ ಚಿಹ್ನೆಯೂ ಬಿಟ್ಟುಹೋಗಿರಲಿಲ್ಲ. ಆದರೂ ಹಳೆಯ ಪ್ರತಿ ಇರಲಿಲ್ಲ. ಏಕೆ?

ಉತ್ತರ ಬೇಕಾದರೆ ಸಂಪಾದಕವೊಂದು ಆರಂಭವಾಗುವಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ಆಕೆ ಬಳಸುತ್ತಿದ್ದದ್ದು ಗ್ನೂ ಇಮ್ಯಾಕ್ಸ್. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಮೂಲ ಕ್ರಮವಿಧಿ ಎಲ್ಲರಿಗೂ ತೆರೆದಿದೆ; ಆರಂಭದ ಪ್ರತಿ ಹೆಜ್ಜೆಯನ್ನೂ ನೀವೇ ಓದಿ ತಿಳಿಯಬಹುದು.

1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಹುಟ್ಟಿದ ಇಮ್ಯಾಕ್ಸ್, ಟೆಕೋ ಎಂಬ ಇನ್ನೊಂದು ಸಂಪಾದಕಕ್ಕೆ ಬರೆದ ಆದೇಶಗಳ ಕಂತೆಯಾಗಿತ್ತು. ರಿಚರ್ಡ್ ಸ್ಟಾಲ್ಮನ್ ಅದನ್ನು ಗ್ನೂ ಯೋಜನೆಗಾಗಿ ಹೊಸದಾಗಿ ಬರೆದು 1985ರಲ್ಲಿ ಹೊರತಂದರು. ಅದರ ರಚನೆ ಎರಡು ಪದರದ್ದು. ಒಳಗಿನ ತಿರುಳು ಸಿ ಭಾಷೆಯಲ್ಲಿದೆ: ಪಠ್ಯವನ್ನು ಸ್ಮೃತಿಯಲ್ಲಿ ಇಟ್ಟುಕೊಳ್ಳುವುದು, ತೆರೆಯ ಮೇಲೆ ಮೂಡಿಸುವುದು, ಲಿಸ್ಪ್ ಭಾಷೆಯ ಆದೇಶಗಳನ್ನು ಓದಿ ನಡೆಸುವುದು. ಉಳಿದದ್ದೆಲ್ಲ, ಅಂದರೆ ಕಡತ ತೆರೆಯುವ ವಿಧಾನ, ಮೆನು, ಹುಡುಕಾಟ, ನೆರವು ಇತ್ಯಾದಿ ಬಹುಪಾಲು, ಲಿಸ್ಪ್‌ನಲ್ಲಿ ಬರೆದದ್ದು.

ಇಲ್ಲೊಂದು ತೊಡಕಿದೆ. ಸಿ ತಿರುಳು ಮಾತ್ರ ಇರುವ ಸಂಪಾದಕಕ್ಕೆ ಏನೂ ಬಾರದು. ಬಳಕೆಗೆ ಬರಬೇಕಾದರೆ ಅದು ಸುಮಾರು ನೂರು ಲಿಸ್ಪ್ ಕಡತಗಳನ್ನು ಓದಬೇಕು. ಪ್ರತಿ ಸಲವೂ ಇಷ್ಟನ್ನು ಓದುತ್ತ ಕುಳಿತರೆ ಬಳಕೆದಾರ ಕಾಯಬೇಕು. 1980ರ ದಶಕದ ಗಣಕಗಳಲ್ಲಂತೂ ಅದು ಸಹಿಸಲಾಗದ ಕಾಯುವಿಕೆ. ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಅಡುಗೆಮನೆಯದೇ. ಹಿಂದಿನ ರಾತ್ರಿಯೇ ಹಿಟ್ಟು ರುಬ್ಬಿಟ್ಟರೆ ಬೆಳಿಗ್ಗೆ ದೋಸೆ ಹುಯ್ಯುವುದಷ್ಟೇ ಉಳಿಯುತ್ತದೆ. ಇಮ್ಯಾಕ್ಸನ್ನು ಮೂಲದಿಂದ ಕಟ್ಟುವಾಗ ಮೊದಲು ತಯಾರಾಗುವುದು ಟೆಮ್ಯಾಕ್ಸ್ ಎಂಬ ಬರಿಯ ತಿರುಳು. ಅದು ಒಮ್ಮೆ ಎಲ್ಲ ಲಿಸ್ಪ್ ಕಡತಗಳನ್ನೂ ಓದಿಕೊಳ್ಳುತ್ತದೆ. ಆ ಕ್ಷಣದಲ್ಲಿ ಅದರ ಸ್ಮೃತಿ ಹೇಗಿದೆಯೋ ಹಾಗೆಯೇ ಒಂದು ಕಡತಕ್ಕೆ ಬರೆದಿಡಲಾಗುತ್ತದೆ. ಇದಕ್ಕೆ ಡಂಪ್ ಮಾಡುವುದು ಎಂದು ಹೆಸರು. ನೀವು ಮುಂದೆ ಚಾಲನೆ ಮಾಡುವುದು ಈ ಬರೆದಿಟ್ಟ ಸ್ಥಿತಿಯನ್ನು. ಅಂದರೆ ನಿಮ್ಮ ಸಂಪಾದಕ ಪ್ರತಿದಿನ ಹುಟ್ಟುವುದಿಲ್ಲ, ನಿದ್ರೆಯಿಂದ ಏಳುತ್ತದೆ.

ಹಳೆಯ ಪದ್ಧತಿಯಲ್ಲಿ ಈ ಸ್ಮೃತಿಯನ್ನೆಲ್ಲ ಒಂದು ಹೊಸ ಚಾಲನಾ ಕಡತವಾಗಿಯೇ ಬರೆಯುತ್ತಿದ್ದರು. ಜಾಣತನದ ಕೆಲಸ ಹೌದು, ಆದರೆ ಕಾರ್ಯಾಚರಣ ವ್ಯವಸ್ಥೆಯ ಒಳಗುಟ್ಟುಗಳನ್ನು ನೆಚ್ಚಿಕೊಂಡ ಕೆಲಸ. ಸ್ಮೃತಿಯಲ್ಲಿರುವ ಒಂದು ವಸ್ತು ಇನ್ನೊಂದನ್ನು ಅದರ ವಿಳಾಸದಿಂದ ಗುರುತಿಸುತ್ತದೆ. ಮತ್ತೆ ಎಚ್ಚರಗೊಂಡಾಗ ಎಲ್ಲವೂ ಅದೇ ವಿಳಾಸದಲ್ಲಿದ್ದರೆ ಸರಿ, ಇಲ್ಲವಾದರೆ ಕುಸಿತ. ಈಗಿನ ವ್ಯವಸ್ಥೆಗಳಾದರೋ ಸುರಕ್ಷತೆಗಾಗಿ ಕ್ರಮವಿಧಿಗಳನ್ನು ಪ್ರತಿ ಸಲವೂ ಬೇರೆ ಬೇರೆ ವಿಳಾಸಗಳಲ್ಲಿ ಇರಿಸುತ್ತವೆ. ದಾಳಿಕೋರರಿಗೆ ಗುರಿ ಸಿಗಬಾರದೆಂದು. ಇದರ ಜೊತೆಗೆ, ಸ್ಮೃತಿ ಹಂಚುವ ಕೆಲಸ ಮಾಡುವ ಗ್ನೂ ಸಿ ಲೈಬ್ರರಿಯು ಇಮ್ಯಾಕ್ಸ್‌ಗೆಂದೇ ಕೆಲವು ವಿಶೇಷ ಏರ್ಪಾಡುಗಳನ್ನು ಹೊತ್ತುಕೊಂಡಿತ್ತು. ಅವನ್ನು ಕೈಬಿಡುವ ಮಾತು 2016ರಲ್ಲಿ ಗಟ್ಟಿಯಾಗಿ ಎದ್ದಾಗ ಹೊಸ ದಾರಿ ಅನಿವಾರ್ಯವಾಯಿತು.

2020ರಲ್ಲಿ ಬಂದ 27ನೇ ಆವೃತ್ತಿಯಿಂದ ಆ ಹೊಸ ದಾರಿ ಬಳಕೆಯಲ್ಲಿದೆ. ಸ್ಮೃತಿಯ ಚಿತ್ರವನ್ನು ಪ್ರತ್ಯೇಕ ಕಡತದಲ್ಲಿ ಇಡುತ್ತಾರೆ. ಅದರೊಂದಿಗೆ ಯಾವ ಯಾವ ಸ್ಥಳದಲ್ಲಿ ವಿಳಾಸಗಳಿವೆ ಎಂಬ ಪಟ್ಟಿಯನ್ನೂ ಇಡುತ್ತಾರೆ. "ನಾಲ್ಕನೇ ಅಡ್ಡರಸ್ತೆ, 27ನೇ ನಂಬರಿನ ಮನೆ" ಎನ್ನುವ ಬದಲು "ಬೀದಿಯ ತುದಿಯಿಂದ ಏಳನೇ ಮನೆ" ಎಂದಂತೆ. ಬೀದಿ ಎಲ್ಲಿಗೆ ಹೋದರೂ ಲೆಕ್ಕ ತಪ್ಪುವುದಿಲ್ಲ. ಆರಂಭದಲ್ಲಿ ಆ ಚಿತ್ರವನ್ನು ಸ್ಮೃತಿಗೆ ತಂದು, ಪಟ್ಟಿಯನ್ನು ನೋಡಿ ವಿಳಾಸಗಳನ್ನು ತಿದ್ದಿಕೊಂಡರೆ ಆಯಿತು. ಚಾಲನಾ ಕಡತ ಮತ್ತು ಚಿತ್ರದ ಕಡತ ಎರಡರಲ್ಲೂ ಒಂದೇ ಗುರುತಿನ ಸಂಖ್ಯೆ ಇರಬೇಕು. ಹೊಂದಾಣಿಕೆ ಇಲ್ಲದಿದ್ದರೆ ಇಮ್ಯಾಕ್ಸ್ ಆ ಚಿತ್ರವನ್ನು ಒಪ್ಪುವುದಿಲ್ಲ.

ಇಲ್ಲಿಯವರೆಗಿನದು ಎಲ್ಲ ಗಣಕಗಳಲ್ಲೂ ಒಂದೇ. ಮುಂದಿನದು ಒಬ್ಬೊಬ್ಬರಿಗೆ ಒಂದೊಂದು ಬಗೆ, ಏಕೆಂದರೆ ಎಚ್ಚರಗೊಂಡ ಸಂಪಾದಕ ಈಗ "ನಾನು ಯಾರ ಗಣಕದಲ್ಲಿದ್ದೇನೆ?" ಎಂದು ಸುತ್ತ ನೋಡತೊಡಗುತ್ತದೆ.

ಮೊದಲು ಭಾಷೆ. ಪರಿಸರದ ಮೂರು ಚಲಕಗಳನ್ನು, ಎಲ್‌ಸಿ-ಆಲ್, ಎಲ್‌ಸಿ-ಸಿಟೈಪ್, ಲ್ಯಾಂಗ್ ಎಂಬ ಕ್ರಮದಲ್ಲಿ, ನೋಡುತ್ತದೆ. ಖಾಲಿಯಿಲ್ಲದ ಮೊದಲನೆಯದು ಸಿಕ್ಕೊಡನೆ ಅದರಂತೆ ಭಾಷೆಯನ್ನೂ ಅಕ್ಷರ ಸಂಕೇತವನ್ನೂ ಆರಿಸಿಕೊಳ್ಳುತ್ತದೆ. ಆಮೇಲಿನದನ್ನು ನೋಡುವುದೇ ಇಲ್ಲ. ಲ್ಯಾಂಗ್ ಚಲಕದಲ್ಲಿ ಕನ್ನಡ, ಯುಟಿಎಫ್-8 ಎಂದು ಬರೆದೂ ಫಲ ಸಿಗದಿದ್ದರೆ, ಎಲ್‌ಸಿ-ಆಲ್‌ನಲ್ಲಿ ಬೇರೇನಾದರೂ ಕುಳಿತಿದೆಯೇ ಎಂದು ಪರೀಕ್ಷಿಸಿ.

ಕೀಲಿ ಹಾಕುವ ವಿಧಾನಗಳ ಪಟ್ಟಿಯೂ ಆರಂಭದಲ್ಲೇ ಬರುತ್ತದೆ. ಆದರೆ ಹೆಸರುಗಳು ಮಾತ್ರ. ಇಮ್ಯಾಕ್ಸ್‌ನಲ್ಲಿ ಕನ್ನಡ-ಐಟ್ರಾನ್ಸ್ ಎಂಬ ಕನ್ನಡದ ಕೀಲಿವಿನ್ಯಾಸ ಇದೆ. ಆದರೆ "ಕ" ಎಲ್ಲಿ, "ಕಾ" ಹೇಗೆ ಎಂಬ ಕೋಷ್ಟಕ ಆರಂಭದಲ್ಲಿ ಸ್ಮೃತಿಗೆ ಬರುವುದಿಲ್ಲ. ನೀವು ಮೊದಲ ಸಲ ಆ ವಿಧಾನವನ್ನು ಆರಿಸಿದಾಗ ಬರುತ್ತದೆ. ಗ್ರಂಥಾಲಯದಲ್ಲಿ ಮೇಜಿನ ಮೇಲೆ ಪುಸ್ತಕಗಳನ್ನೆಲ್ಲ ಹರಡದೆ ಸೂಚಿಪತ್ರವನ್ನಷ್ಟೇ ಇಡುವ ಹಾಗೆ. ಇಮ್ಯಾಕ್ಸ್‌ನ ದೊಡ್ಡ ದೊಡ್ಡ ಭಾಗಗಳೆಲ್ಲ ಹೀಗೆ ಕರೆ ಬರುವವರೆಗೆ ಕಪಾಟಿನಲ್ಲೇ ಇರುತ್ತವೆ. (ಕಂಟ್ರೋಲ್ ಒತ್ತಿ ಹೆಚ್, ಬಳಿಕ ಬರಿಯ ಹೆಚ್ ಒತ್ತಿ ನೋಡಿ. ಹತ್ತಾರು ಭಾಷೆಗಳ ವಂದನೆಗಳ ನಡುವೆ ನಮ್ಮ "ನಮಸ್ಕಾರ"ವೂ ಕಾಣುತ್ತದೆ.)

ಬಳಿಕ, ನೀವು ಆದೇಶದ ಸಾಲಿನಲ್ಲಿ ಬರೆದದ್ದನ್ನು ಓದುತ್ತದೆ. ಆದರೆ ಒಂದೇ ಸಲಕ್ಕೆ ಪೂರ್ತಿ ಅಲ್ಲ. "ಆರಂಭಿಕ ಕಡತ ಓದಬೇಡ" ಎಂಬಂತಹ ಸೂಚನೆಗಳು ಈಗಲೇ ತಿಳಿಯಬೇಕು. ಆದರೆ "ಈ ವರದಿಯನ್ನು ತೆರೆ" ಎಂಬುದು ಎಲ್ಲ ಸಿದ್ಧತೆ ಮುಗಿದ ಮೇಲೆ ಆಗಬೇಕು. ಆದ್ದರಿಂದ ಮೊದಲನೆಯ ಬಗೆಯದನ್ನು ಈಗ ಆರಿಸಿಕೊಂಡು, ಕಡತಗಳ ಹೆಸರನ್ನು ಕೊನೆಗೆ ಉಳಿಸಿಕೊಳ್ಳುತ್ತದೆ.

ಈಗ ಆರಂಭಿಕ ಕಡತಗಳ ಸರದಿ. ಕಿಟಕಿ ಮೂಡುವ ಮೊದಲೇ ಓದುವ ಒಂದು ಪುಟ್ಟ ಪೂರ್ವಾರಂಭ ಕಡತ 27ನೇ ಆವೃತ್ತಿಯಿಂದ ಇದೆ. ಅದನ್ನು ಬಿಟ್ಟರೆ ಮುಖ್ಯವಾದವು ಮೂರು. ಮೊದಲನೆಯದು ಸೈಟ್-ಸ್ಟಾರ್ಟ್: ಪ್ರಯೋಗಾಲಯದ ಮೇಲ್ವಿಚಾರಕರು ಎಲ್ಲರಿಗೂ ಅನ್ವಯಿಸುವಂತೆ ಬರೆದದ್ದು. ಎರಡನೆಯದು ಬಳಕೆದಾರನ ಸ್ವಂತ ಕಡತ. ಮೂರನೆಯದು ಡಿಫಾಲ್ಟ್ ಎಂಬ ಹೆಸರಿನದು, ಇದೂ ಮೇಲ್ವಿಚಾರಕರದೇ. ಇವು ಲಿಸ್ಪ್ ಆದೇಶಗಳು. ಮೇಲಿನಿಂದ ಕೆಳಗೆ ಒಂದೊಂದಾಗಿ ನಡೆಯುತ್ತವೆ. ಒಂದೇ ಚಲಕಕ್ಕೆ ಮೂರೂ ಕಡೆ ಮೂರು ಬೆಲೆ ಕೊಟ್ಟಿದ್ದರೆ ಉಳಿಯುವುದು ಕೊನೆಗೆ ಹೇಳಿದ್ದು.

ಡಿಫಾಲ್ಟ್ ಎಂಬ ಹೆಸರು ಕೇಳಿ ಅದು ಮೊದಲು ಬರುತ್ತದೆ ಎಂದುಕೊಳ್ಳುವುದು ಸಹಜ. ಇದು ನನ್ನ ಪ್ರಕಾರ ಕೆಟ್ಟ ಹೆಸರು. ಅದು ನಿಮ್ಮ ಕಡತದ ನಂತರ ಬಂದು ನಿಮ್ಮ ಮಾತನ್ನು ಅಳಿಸಿಹಾಕಬಲ್ಲದು. ಬೇಡವೆಂದಾದರೆ ಇನ್‌ಹಿಬಿಟ್-ಡಿಫಾಲ್ಟ್-ಇನಿಟ್ ಎಂಬ ಚಲಕವನ್ನು ನಿಮ್ಮ ಕಡತದಲ್ಲಿ "ಹೌದು" ಎಂದು ಇರಿಸಬೇಕು.

ಎರಡು ನಿಯಮಗಳು ಇಲ್ಲಿ ಎದುರುಬದುರಾಗಿ ನಿಂತಿರುವುದನ್ನು ಗಮನಿಸಿದಿರಾ? ಹುಡುಕುವಾಗ ಮೊದಲು ಸಿಕ್ಕಿದ್ದು ಗೆಲ್ಲುತ್ತದೆ. ನಡೆಸುವಾಗ ಕೊನೆಗೆ ಹೇಳಿದ್ದು ಗೆಲ್ಲುತ್ತದೆ. ಲ್ಯಾಂಗ್‌ನದು ಮೊದಲ ಬಗೆ, ಮೂರು ಕಡತಗಳದು ಎರಡನೆಯ ಬಗೆ. ಆರಂಭದ ಗೊಂದಲಗಳಲ್ಲಿ ಹೆಚ್ಚಿನವು ಈ ಎರಡನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಬರುತ್ತವೆ.

ಈಗ ನಮ್ಮ ವಿದ್ಯಾರ್ಥಿನಿಯ ಕಡೆಗೆ ಬರೋಣ. ಡಿಸ್ಕಿನ ಜಾಗ ಉಳಿಸಲೆಂದು ಮೇಲ್ವಿಚಾರಕರು ಸೈಟ್-ಸ್ಟಾರ್ಟ್‌ನಲ್ಲಿ ಮೇಕ್-ಬ್ಯಾಕಪ್-ಫೈಲ್ಸ್ ಎಂಬ ಚಲಕವನ್ನು "ಇಲ್ಲ" ಎಂದು ಇರಿಸಿದ್ದರು. ಆಕೆ ತನ್ನ ಕಡತದಲ್ಲಿ ಅದನ್ನು "ಹೌದು" ಮಾಡಿದ್ದಳು. ಎರಡನೆಯ ನಿಯಮದಂತೆ ಆಕೆಯ ಮಾತೇ ನಿಲ್ಲಬೇಕಿತ್ತು. ಆದರೆ ಸ್ವಂತ ಕಡತ ಯಾವುದು ಎಂಬುದೇ ಒಂದು ಹುಡುಕಾಟ! ಇಮ್ಯಾಕ್ಸ್ ಮನೆಯ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ ಡಾಟ್-ಇಮ್ಯಾಕ್ಸ್ ಎಂಬ ಕಡತವಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಡಾಟ್-ಇಮ್ಯಾಕ್ಸ್-ಡಾಟ್-ಡಿ ಫೋಲ್ಡರಿನೊಳಗಿನ ಇನಿಟ್ ಕಡತ. ಆ ಎರಡೂ ಇಲ್ಲದಿದ್ದರೆ ಮಾತ್ರ, 27ನೇ ಆವೃತ್ತಿಯಿಂದೀಚೆಗೆ, ಡಾಟ್-ಕಾನ್ಫಿಗ್ ಫೋಲ್ಡರಿನಲ್ಲಿರುವುದು. ಆಕೆ ಬರೆದದ್ದು ಈ ಕೊನೆಯ ಜಾಗದಲ್ಲಿ. ಹಿರಿಯ ವಿದ್ಯಾರ್ಥಿಯೊಬ್ಬರಿಂದ ಎಂದೋ ನಕಲು ಮಾಡಿಕೊಂಡ ನಾಲ್ಕು ಸಾಲಿನ ಡಾಟ್-ಇಮ್ಯಾಕ್ಸ್ ಕಡತ ಮನೆಯ ಫೋಲ್ಡರಿನಲ್ಲಿ ಉಳಿದಿತ್ತು. ಚುಕ್ಕಿಯಿಂದ ಆರಂಭವಾಗುವ ಹೆಸರುಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲವಾದ್ದರಿಂದ ಆಕೆಗೆ ಅದರ ನೆನಪೇ ಇರಲಿಲ್ಲ. ಸಂಪಾದಕ ಮೊದಲು ಸಿಕ್ಕಿದ್ದನ್ನು ಓದಿ ಹುಡುಕಾಟ ನಿಲ್ಲಿಸಿತು. ಆಕೆಯ ಸಾಲನ್ನು ಅದು ಒಂದು ದಿನವೂ ಓದಿರಲಿಲ್ಲ.

ಯಾವ ಕಡತವನ್ನು ಓದಲಾಗಿದೆ ಎಂದು ಇಮ್ಯಾಕ್ಸನ್ನೇ ಕೇಳಬಹುದು. ಕಂಟ್ರೋಲ್-ಹೆಚ್, ಆಮೇಲೆ ವಿ ಒತ್ತಿ, ಯೂಸರ್-ಇನಿಟ್-ಫೈಲ್ ಎಂಬ ಚಲಕದ ಹೆಸರು ಕೊಟ್ಟರೆ ಅದರ ಪೂರ್ಣ ದಾರಿ ಕಾಣುತ್ತದೆ. ಹತ್ತು ಸೆಕೆಂಡಿನ ಕೆಲಸ. ಈ ಪ್ರಸಂಗದ ನಂತರ ನಾನು ಯಾರದೇ ದೂರು ಕೇಳಿದರೂ ಮೊದಲು ಮಾಡಿಸುವುದು ಇದನ್ನೇ.

ಸರಿಯಾದ ಕಡತವನ್ನೇ ಓದಿದರೂ ಅರ್ಧಕ್ಕೆ ನಿಲ್ಲುವುದುಂಟು. ಲಿಸ್ಪ್ ಆದೇಶಗಳನ್ನು ಆವರಣ ಚಿಹ್ನೆಗಳ ನಡುವೆ ಬರೆಯುತ್ತಾರೆ. ಮುಚ್ಚುವ ಚಿಹ್ನೆಯೊಂದನ್ನು ಮರೆತರೆ, ಆದೇಶ ಎಲ್ಲಿ ಮುಗಿಯಿತೆಂದು ತಿಳಿಯದೆ ಇಮ್ಯಾಕ್ಸ್ ಕಡತದ ಕೊನೆಯವರೆಗೂ ಓದುತ್ತ ಹೋಗಿ, "ಓದುತ್ತಿರುವಾಗಲೇ ಕಡತ ಮುಗಿಯಿತು" ಎಂಬ ಅರ್ಥದ ದೋಷ ತೋರುತ್ತದೆ. ಆ ಆದೇಶಕ್ಕೆ ಮೇಲಿನವೆಲ್ಲ ಜಾರಿಯಾಗಿರುತ್ತವೆ, ಕೆಳಗಿನವು ಯಾವುವೂ ಆಗಿರುವುದಿಲ್ಲ. ಬಣ್ಣ ಬಂದಿದೆ, ಅಕ್ಷರದ ಗಾತ್ರ ಬಂದಿಲ್ಲ ಎಂದಾದರೆ ತಪ್ಪು ಅವೆರಡರ ನಡುವೆ ಎಲ್ಲೋ ಇದೆ ಎಂದರ್ಥ.

ತಪ್ಪು ಯಾರದೆಂದು ತಿಳಿಯಲು ಎರಡು ಸೂಚನೆಗಳಿವೆ. ಸಣ್ಣಕ್ಷರದ ಕ್ಯೂ ಕೊಟ್ಟು ಆರಂಭಿಸಿದರೆ ಬಳಕೆದಾರನ ಕಡತ ಮತ್ತು ಡಿಫಾಲ್ಟ್ ಎರಡನ್ನೂ ಬಿಡುತ್ತದೆ, ಸೈಟ್-ಸ್ಟಾರ್ಟನ್ನು ಓದುತ್ತದೆ. ದೊಡ್ಡಕ್ಷರದ ಕ್ಯೂ ಕೊಟ್ಟರೆ ಮೂರನ್ನೂ ಬಿಡುತ್ತದೆ. ಮೊದಲನೆಯದರಲ್ಲಿ ದೋಷ ಉಳಿದು ಎರಡನೆಯದರಲ್ಲಿ ಮಾಯವಾದರೆ, ಮೇಲ್ವಿಚಾರಕರ ಸೈಟ್-ಸ್ಟಾರ್ಟ್ ಕಡೆ ಬೆರಳು ತೋರಿಸಬಹುದು. ದೋಷ ನಿಮ್ಮ ಕಡತದಲ್ಲೇ ಇದೆಯೆಂದಾದರೆ ಅರ್ಧ ಭಾಗವನ್ನು ಟಿಪ್ಪಣಿಯಾಗಿ ಪರಿವರ್ತಿಸಿ ಮತ್ತೆ ಆರಂಭಿಸಿ. ದೋಷ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. 1,024 ಆದೇಶಗಳಿದ್ದರೂ ಹತ್ತು ಸಲ ಭಾಗಿಸಿದರೆ ಒಂದು ಉಳಿಯುತ್ತದೆ. ಎರಡರ ಹತ್ತನೇ ಘಾತ ಎಂದರೇನು ಎಂಬುದಕ್ಕೆ ತರಗತಿಯಲ್ಲಿ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಬಲೆ. ಲಿಸ್ಪ್ ಕಡತಗಳನ್ನು ಬೇಗ ಓದಲೆಂದು ಸಂಕಲಿಸಿ ಇಡುವುದುಂಟು. ಒಂದೇ ಹೆಸರಿನ ಮೂಲ ಮತ್ತು ಸಂಕಲಿತ ರೂಪಗಳೆರಡೂ ಇದ್ದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ ಇಮ್ಯಾಕ್ಸ್ ಸಂಕಲಿತ ರೂಪವನ್ನೇ ಎತ್ತಿಕೊಳ್ಳುತ್ತದೆ, ಮೂಲ ಹೊಸದಾಗಿದ್ದರೂ ಸಹ. ಮೂಲ ಹೊಸತಿದೆ ಎಂದು ಕೆಳಗೆ ಒಂದು ಸಾಲಿನ ಎಚ್ಚರಿಕೆ ಮಿಂಚಿ ಹೋಗುತ್ತದೆ. ಮೂಲವನ್ನು ತಿದ್ದಿ ತಿದ್ದಿ ಬೇಸತ್ತವರು ಆ ಸಾಲನ್ನು ಓದಿರುವುದು ಅಪರೂಪ.

ಈ ಎಲ್ಲ ಮುಗಿದ ಮೇಲೆ ಸ್ಕ್ರ್ಯಾಚ್ ಎಂಬ ಗೀಚುಹಾಳೆ ಸಿದ್ಧವಾಗುತ್ತದೆ, ಉಳಿಸಿಕೊಂಡಿದ್ದ ಕಡತದ ಹೆಸರುಗಳು ಈಗ ತೆರೆಯುತ್ತವೆ. ಹೆಸರು ಕೊಡದಿದ್ದರೆ ಸ್ವಾಗತದ ಪುಟ ಬರುತ್ತದೆ. ಎಷ್ಟು ಹೊತ್ತು ಹಿಡಿಯಿತು ಎಂದು ತಿಳಿಯಲು ಇಮ್ಯಾಕ್ಸ್-ಇನಿಟ್-ಟೈಮ್ ಎಂಬ ಆದೇಶವಿದೆ. ವಿದ್ಯಾರ್ಥಿಗಳು ತಮ್ಮ ಕಡತದೊಂದಿಗೆ ಒಮ್ಮೆ, ದೊಡ್ಡ ಕ್ಯೂನೊಂದಿಗೆ ಒಮ್ಮೆ ಅಳೆದು ನೋಡಲಿ. ಎರಡರ ಅಂತರವೇ ಅವರ ಸ್ವಂತ ಅಲಂಕಾರದ ಬೆಲೆ. ಆ ಬೆಲೆಯನ್ನು ದಿನಕ್ಕೊಮ್ಮೆ ಮಾತ್ರ ಕೊಡುವ ದಾರಿಯೂ ಇದೆ. 2009ರ 23ನೇ ಆವೃತ್ತಿಯಿಂದ ಇಮ್ಯಾಕ್ಸನ್ನು ಡೀಮನ್ ಆಗಿ, ಅಂದರೆ ಕಿಟಕಿಯಿಲ್ಲದೆ ಹಿನ್ನೆಲೆಯಲ್ಲಿ, ಬೆಳಿಗ್ಗೆಯೇ ಎಬ್ಬಿಸಿಡಬಹುದು. ಬೇಕಾದಾಗ ಇಮ್ಯಾಕ್ಸ್-ಕ್ಲೈಂಟ್ ಮೂಲಕ ಕಿಟಕಿ ತೆರೆದರೆ ಸಾಕು. ಆದರೆ ಆರಂಭಿಕ ಕಡತವನ್ನು ತಿದ್ದಿದರೆ ಆ ಡೀಮನ್‌ಗೆ ತಾನಾಗಿ ತಿಳಿಯುವುದಿಲ್ಲ. ಅದನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು.

ಆ ವಿದ್ಯಾರ್ಥಿನಿ ಹಳೆಯ ಡಾಟ್-ಇಮ್ಯಾಕ್ಸನ್ನು ಅಳಿಸಿ, ಸಂಪಾದಕವನ್ನು ಮರಳಿ ಆರಂಭಿಸಿ, ಪರೀಕ್ಷೆಗೆಂದು ಒಂದು ಪುಟ ತಿದ್ದಿ ಉಳಿಸಿದಳು. ಪಕ್ಕದಲ್ಲೇ ಅದೇ ಹೆಸರಿನ, ಕೊನೆಯಲ್ಲಿ ಅಲೆಯಂತಹ ಗೆರೆಯಿರುವ ಕಡತವೊಂದು ಹುಟ್ಟಿಕೊಂಡಿತು. ಕಳೆದ ಅಧ್ಯಾಯವನ್ನು ಮಾತ್ರ ಆಕೆ ಮತ್ತೆ ಬರೆಯಬೇಕಾಯಿತು.